ನಮ್ಮ ನೀರು ಹೋದ ದಾರಿ ಹಿಡಿದು ಕಾರವಾರಕ್ಕೆ



ಧಾರವಾಡ ಒಂದು ದಿಣ್ಣೆಯ ಮೇಲೆ ಕೂತ ಊರು. ಇಲ್ಲಿ ಬಿದ್ದ ಮಳೆಗೆ ಎರಡು ದಾರಿಗಳಿವೆ. ಮೂಡಣಕ್ಕೆ ಇಳಿದ ನೀರು ತುಪ್ಪರಿಹಳ್ಳ, ಬೆಣ್ಣಿಹಳ್ಳ ಅಂತ ಎರೆಹೊಲಗಳ ನಡುವೆ ಹರಿದು, ಮಲಪ್ರಭೆಯನ್ನು ಕೂಡಿ, ಕೃಷ್ಣೆಯ ಜೊತೆಗೆ ಬಂಗಾಳ ಕೊಲ್ಲಿಯ ಕಡೆ ನಡೆಯುತ್ತದೆ. ಪಡುವಣಕ್ಕೆ ಇಳಿದ ನೀರಿನ ಕಥೆಯೇ ಬೇರೆ. ಊರ ದಕ್ಷಿಣಕ್ಕೆ ಸೋಮೇಶ್ವರ ಗುಡಿಯ ಹತ್ತಿರ ಹುಟ್ಟುವ ಶಾಲ್ಮಲೆ ಕಲಘಟಗಿ ಸೀಮೆಯಲ್ಲಿ ಬೇಡ್ತಿಯ ಪಾಲಾಗುತ್ತದೆ. ಬೇಡ್ತಿ ಯಲ್ಲಾಪುರದ ಕಾಡು ಹೊಕ್ಕು ಮಾಗೋಡಿನಲ್ಲಿ ಧುಮುಕಿ, ಘಟ್ಟದ ಕೆಳಗೆ ಗಂಗಾವಳಿ ಎನಿಸಿಕೊಂಡು, ಅಂಕೋಲೆಗೂ ಗೋಕರ್ಣಕ್ಕೂ ನಡುವೆ ಮಂಜಗುಣಿಯ ಬಳಿ ಅರಬ್ಬಿ ಸಮುದ್ರ ಸೇರುತ್ತದೆ. ಅಂದರೆ ಧಾರವಾಡದ ನೀರು ಸಮುದ್ರ ನೋಡಲು ಯಾವ ರಜೆಯನ್ನೂ ಕಾಯುವುದಿಲ್ಲ. ಕಾಯುವವರು ನಾವು.

ನಮ್ಮಲ್ಲಿ ಸಮುದ್ರ ಅಂದ ಕೂಡಲೇ ಹುಡುಗರ ಬಾಯಲ್ಲಿ ಗೋವಾ ಬರುತ್ತದೆ. ಸ್ವಲ್ಪ ಗಳಿಕೆ ಇದ್ದವರು ಮೊಬೈಲಿನಲ್ಲಿ ಮೆಡಿಟರೇನಿಯನ್ ತೀರದ ಚಿತ್ರ ತೋರಿಸುತ್ತಾರೆ. ಫ್ರಾನ್ಸಿನ ನೀಸ್, ತುರ್ಕಿಯ ಅಂಟಾಲ್ಯಾ, ನೀಲಿ ನೀರು, ಬಿಳಿ ಮನೆ. ಅವರು ಹೋಗಿಬರಲಿ, ಬೇಡ ಅನ್ನುವವನು ನಾನಲ್ಲ. ಆದರೆ ಹುಬ್ಬಳ್ಳಿಯಿಂದ ಸುಮಾರು 165 ಕಿಲೋಮೀಟರು, ನಾಲ್ಕು ತಾಸಿನ ದಾರಿಯಲ್ಲಿ ಒಂದು ಕಡಲೂರು ಇದೆ. ಅದಕ್ಕೂ ನಮಗೂ ಮುನ್ನೂರೈವತ್ತು ವರ್ಷಕ್ಕೂ ಮೀರಿದ ಲೇವಾದೇವಿ ಇದೆ. ಆ ಊರು ಕಾರವಾರ. ಅಲ್ಲಿಗೆ ಗಿರಾಕಿಯಾಗಿ ಹೋಗುವುದು ಬೇರೆ, ನಂಟು ತಿಳಿದು ಹೋಗುವುದು ಬೇರೆ. ಆದ್ದರಿಂದ ಮೊದಲು ನಂಟಿನ ಮಾತು, ಆಮೇಲೆ ದಾರಿಯ ಮಾತು, ಕೊನೆಗೆ ಕಡಲಿನ ಮಾತು.

ಇಂಗ್ಲಿಷರು 1638ರಲ್ಲಿ ಕಾರವಾರದಲ್ಲಿ ಕೋಠಿ ತೆರೆದರು. ಕೋರ್ಟೀನ್ ಎಂಬ ವರ್ತಕನ ಸಂಘದವರು ತೆರೆದದ್ದು ಅದು. ಮುಂದೆ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂತು. ಅವರಿಗೆ ಬೇಕಾಗಿದ್ದುದು ಘಟ್ಟದ ಮೆಣಸು ಮತ್ತು ಬಯಲುಸೀಮೆಯ ನೆಯ್ದ ಬಟ್ಟೆ. ಆ ಬಟ್ಟೆ ಕೂಡುತ್ತಿದ್ದ ದೊಡ್ಡ ಪೇಟೆ ಯಾವುದು ಅಂದರೆ ನಮ್ಮ ಹುಬ್ಬಳ್ಳಿ. 1673ರಲ್ಲಿ ಶಿವಾಜಿಯ ಸರದಾರ ಅಣ್ಣಾಜಿ ದತ್ತೊ ಹುಬ್ಬಳ್ಳಿ ಪೇಟೆಯನ್ನು ಲೂಟಿ ಮಾಡಿದಾಗ ಇಂಗ್ಲಿಷರ ಸರಕೂ ಹೋಯಿತು. ಅದಕ್ಕೆ ಪರಿಹಾರ ಕೊಡಿ ಎಂದು ಕಂಪನಿಯವರು ಶಿವಾಜಿಯ ಬಳಿ ವರ್ಷಗಟ್ಟಲೆ ತಗಾದೆ ನಡೆಸಿದರು. ಹುಬ್ಬಳ್ಳಿಯ ಮಗ್ಗ ತಿರುಗಿದರೆ ಕಾರವಾರದ ಹಡಗು ತುಂಬುತ್ತಿತ್ತು, ಹುಬ್ಬಳ್ಳಿಯಲ್ಲಿ ಬೆಂಕಿ ಬಿದ್ದರೆ ಕಾರವಾರದ ಲೆಕ್ಕದ ಪುಸ್ತಕದಲ್ಲಿ ಹೊಗೆ ಏಳುತ್ತಿತ್ತು.

ಎರಡನೆಯ ಕಥೆ ಹತ್ತಿಯದು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹತ್ತಿಕೊಂಡಿತು. ಅಲ್ಲಿಂದ ಹತ್ತಿ ಬರುವುದು ನಿಂತು ಮ್ಯಾಂಚೆಸ್ಟರಿನ ಗಿರಣಿಗಳು ಬಾಯಿ ಬಿಟ್ಟುಕೊಂಡು ಕುಳಿತವು. ಆಗ ಅವರ ಕಣ್ಣು ಬಿದ್ದದ್ದು ಧಾರವಾಡ ಜಿಲ್ಲೆಯ ಎರೆಹೊಲದ ಮೇಲೆ. ಇಲ್ಲಿ 1840ರ ದಶಕದಿಂದಲೇ ಅಮೆರಿಕದ ಬೀಜ ಬಿತ್ತಿ ಬೆಳೆಯುವ ರೂಢಿ ಇತ್ತು. ಪೇಟೆಯಲ್ಲಿ ಅದಕ್ಕೆ ‘ಧಾರವಾಡ ಅಮೆರಿಕನ್’ ಎಂದೇ ಹೆಸರು. ಬೆಳೆ ಇದೆ, ಬಂದರು ಎಲ್ಲಿ? ಹತ್ತಿರದ್ದು ಕಾರವಾರ. ಆದರೆ ಅದು ಆಗ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿ, ಧಾರವಾಡ ಮುಂಬಯಿ ಪ್ರೆಸಿಡೆನ್ಸಿಯಲ್ಲಿ. ಹೊಲ ಒಬ್ಬರದು, ಬಾಗಿಲು ಇನ್ನೊಬ್ಬರದು. 1862ರಲ್ಲಿ ಕೆನರಾ ಜಿಲ್ಲೆಯನ್ನು ಸೀಳಿ ಉತ್ತರದ ಭಾಗವನ್ನು ಮುಂಬಯಿಗೆ ಸೇರಿಸಿದ್ದಕ್ಕೆ ಈ ಹತ್ತಿಯೇ ದೊಡ್ಡ ಕಾರಣ. ಇವತ್ತು ನಕ್ಷೆಯಲ್ಲಿ ಉತ್ತರ ಕನ್ನಡ, ದಕ್ಷಿಣ ಕನ್ನಡ ಅಂತ ಎರಡು ಜಿಲ್ಲೆ ಕಾಣುತ್ತವಲ್ಲ, ಆ ಗೆರೆಯಲ್ಲಿ ನಮ್ಮ ಧಾರವಾಡ ಸೀಮೆಯ ಅರಳೆಯ ಎಳೆ ಇದೆ.

ಅದೇ ಹೊತ್ತಿಗೆ ಮ್ಯಾಂಚೆಸ್ಟರಿನ ಒಂದು ಹತ್ತಿ ಕಂಪನಿ ಕಾರವಾರದ ಪಕ್ಕದ ಸದಾಶಿವಗಡದ ತೀರಕ್ಕೆ ಯಂತ್ರಗಳನ್ನು ತಂದಿಳಿಸಿತು. ಇಳಿಸಿದರೆ ಆಯಿತೇ? ಘಟ್ಟ ಹತ್ತುವ ರಸ್ತೆ ಇನ್ನೂ ಮುಗಿದಿರಲಿಲ್ಲ. ಯಂತ್ರಗಳು ಉಸುಕಿನಲ್ಲಿ ಬಿದ್ದುಕೊಂಡವು. ರಸ್ತೆ ಸರಿಹೋಗಿ, ಹತ್ತಿಯ ಗಾಡಿಗಳು ಅರಬೈಲು ಘಟ್ಟ ಇಳಿಯತೊಡಗಿದಾಗ ಕಾರವಾರ ಬೆಳೆಯಿತು. ಜಿಲ್ಲೆಯ ಮುಖ್ಯ ಊರಾಯಿತು, ಕಚೇರಿ, ಕೋರ್ಟು ಬಂದವು. ಎದುರಿನ ದೇವಗಡ ದ್ವೀಪದ ಮೇಲೆ ಹಡಗುಗಳಿಗೆ ದಾರಿ ತೋರುವ ದೀಪಸ್ತಂಭ ನಿಂತದ್ದೂ 1860ರ ದಶಕದಲ್ಲೇ.

ಆಮೇಲೆ ರೈಲು ಬಂತು. ಸದರ್ನ್ ಮರಾಠಾ ರೈಲ್ವೆ ಹುಬ್ಬಳ್ಳಿ ಮುಟ್ಟಿ, 1880ರ ದಶಕದ ಕೊನೆಗೆ ಲೋಂಡಾ, ಕ್ಯಾಸಲ್‌ರಾಕ್ ಮೂಲಕ ಗೋವಾದ ಮರ್ಮಗೋವಾ ಬಂದರಿಗೆ ಕೂಡಿಕೊಂಡಿತು. ಗಾಡಿಯ ಎತ್ತು ರೈಲಿನ ಎದುರು ಎಷ್ಟು ಓಡೀತು? ನಮ್ಮ ಹತ್ತಿ ಮರ್ಮಗೋವಾದ ಕಡೆ ತಿರುಗಿತು. ಕಾರವಾರದ ಬಂದರು ಸೊರಗಿತು. ಹುಬ್ಬಳ್ಳಿ ರೈಲ್ವೆಯಿಂದ ಬೆಳೆಯಿತು ಎಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಅದೇ ರೈಲ್ವೆಯಿಂದ ಒಂದು ಕಡಲೂರು ಬಡವಾಯಿತು ಎಂಬುದನ್ನೂ ಜೊತೆಗೆ ಹೇಳಬೇಕು. ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗ 1990ರ ದಶಕದಲ್ಲಿ ಮಂಜೂರಾಗಿ, ಕಾಡು ಮತ್ತು ವನ್ಯಜೀವಿಗಳ ಪ್ರಶ್ನೆಯಲ್ಲಿ ಸಿಕ್ಕಿಕೊಂಡಿದೆ. ಕೊಂಕಣ ರೈಲ್ವೆ 1998ರಲ್ಲಿ ಪೂರ್ತಿಯಾಗಿ ಕಾರವಾರಕ್ಕೆ ಮುಂಬಯಿಯೂ ಮಂಗಳೂರೂ ಹತ್ತಿರವಾದವು. ಹುಬ್ಬಳ್ಳಿಗೆ ಮಾತ್ರ ಇಂದಿಗೂ ಬಸ್ಸೇ ಗತಿ. ಆ ಬಸ್ಸಿನ ಸಂಸ್ಥೆಯ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲೇ ಇದೆ ಎಂಬುದು ಇನ್ನೊಂದು ನಂಟು.

ಸರಿ, ಈಗ ಬಸ್ಸು ಹತ್ತೋಣ. ಕಲಘಟಗಿ ದಾಟುವವರೆಗೆ ನಮ್ಮದೇ ಮಣ್ಣು, ನಮ್ಮದೇ ಮಾತು. ಹೊಲಗಳ ನಡುವೆ ತೇಗದ ಗಿಡಗಳು ತಲೆ ಹಾಕುತ್ತ ಹಾಕುತ್ತ, ಯಲ್ಲಾಪುರ ಬರುವಷ್ಟರಲ್ಲಿ ಕಾಡು ಗಟ್ಟಿಯಾಗುತ್ತದೆ. ಈ ಸೀಮೆಯ ಹಳ್ಳಿಗಳಲ್ಲಿ ಸಿದ್ದಿ ಜನಾಂಗದವರಿದ್ದಾರೆ. ಅವರ ಹಿರೀಕರು ಆಫ್ರಿಕದಿಂದ ಪೋರ್ಚುಗೀಜರ ಹಡಗುಗಳಲ್ಲಿ, ಬಹುಪಾಲು ಗುಲಾಮರಾಗಿ, ಗೋವಾದ ಕಡೆಗೆ ಬಂದವರು. ತಪ್ಪಿಸಿಕೊಂಡು ಈ ಕಾಡು ಸೇರಿದವರ ಮೊಮ್ಮಕ್ಕಳು ಇವತ್ತು ಕೊಂಕಣಿಯನ್ನೂ ಕನ್ನಡವನ್ನೂ ಆಡುತ್ತಾರೆ. ಸಮುದ್ರ ಇನ್ನೂ ಎರಡು ತಾಸಿನ ದೂರ ಇರುವಾಗಲೇ ಸಮುದ್ರದ ಚರಿತ್ರೆ ಎದುರಿಗೆ ಬಂದು ನಿಲ್ಲುತ್ತದೆ.

ಯಲ್ಲಾಪುರದಲ್ಲಿ ಇಳಿದು ಮಾಗೋಡಿಗೆ ಹೋಗುವುದನ್ನು ತಪ್ಪಿಸಬೇಡಿ. ಹತ್ತಿಪ್ಪತ್ತು ಕಿಲೋಮೀಟರಿನ ದಾರಿ. ಬೇಡ್ತಿ ಅಲ್ಲಿ ಎರಡು ನೆಗೆತದಲ್ಲಿ ಸುಮಾರು ಇನ್ನೂರು ಮೀಟರು ಆಳಕ್ಕೆ ಬೀಳುತ್ತದೆ. ಮಳೆಗಾಲ ಮುಗಿದು ನೀರು ತಿಳಿಯಾಗುವ ಅಕ್ಟೋಬರ್, ನವೆಂಬರಿನಲ್ಲಿ ಅದರ ಮೈಕಟ್ಟು ಪೂರ್ತಿ ಕಾಣುತ್ತದೆ. ಎದುರು ದಿಬ್ಬದ ಕಟ್ಟೆಯ ಮೇಲೆ ನಿಂತು ನೋಡುವಾಗ ಒಂದು ಮಾತು ನೆನಪಿರಲಿ: ಈ ನದಿಗೆ ಜಲವಿದ್ಯುತ್ತಿನ ಅಣೆಕಟ್ಟು ಕಟ್ಟುವ ಯೋಜನೆ ಇತ್ತು. ಶಿರಸಿ, ಯಲ್ಲಾಪುರದ ಅಡಿಕೆ ಬೆಳೆಗಾರರು ಲೆಕ್ಕಪತ್ರ ಹಿಡಿದು, ತಜ್ಞರನ್ನು ಕೂಡಿಸಿ ವಾದ ಮಾಡಿದರು. 1980ರ ದಶಕದ ಆರಂಭದಲ್ಲಿ ಅದು ನಿಂತುಹೋಯಿತು. ಇದೇ ಜಿಲ್ಲೆಯ ಕಾಳಿ ನದಿಗೆ ಸೂಪಾ, ಕೊಡಸಳ್ಳಿ, ಕದ್ರಾ ಅಂತ ಸಾಲು ಅಣೆಕಟ್ಟುಗಳು ಬಂದವು. ಬೇಡ್ತಿಗೆ ಬರಲಿಲ್ಲ. ಈಗ ಬೇಡ್ತಿಯ ನೀರನ್ನು ವರದೆಗೆ ತಿರುಗಿಸಿ ಬಯಲುಸೀಮೆಗೆ ಕೊಡುವ ಮಾತು ನಡೆದಿದೆ. ನೀರು ಬೇಕೆನ್ನುವವರು ನಾವು, ಬೇಡವೆನ್ನುವವರು ಅವರು. ಎರಡೂ ಕಡೆಯ ನಂಟರ ನಡುವಿನ ಈ ವ್ಯಾಜ್ಯವನ್ನು ಮಾಗೋಡಿನ ಕಟ್ಟೆಯ ಮೇಲೆ ನಿಂತು ಯೋಚಿಸಿದರೆ ಮಾತಿನ ಬಿಸಿ ಕಡಿಮೆಯಾದೀತು.

ಯಲ್ಲಾಪುರ ಬಿಟ್ಟ ಮೇಲೆ ಇಡಗುಂದಿ, ಆಮೇಲೆ ಅರಬೈಲು ಘಟ್ಟ. ಕಿಟಕಿಯ ಗಾಳಿ ಬದಲಾಗುವುದು ಇಲ್ಲೇ. ಒಣ ತಂಪು ಹೋಗಿ ಒದ್ದೆ ಸೆಕೆ ಮೈಗೆ ಅಂಟುತ್ತದೆ. ಘಟ್ಟ ಇಳಿದರೆ ಗುಳ್ಳಾಪುರ, ಸುಂಕಸಾಳ, ಹೊಸಕಂಬಿ. ಪಕ್ಕದಲ್ಲಿ ಗಂಗಾವಳಿಯ ಜೊತೆ. ಈ ರಸ್ತೆಯಲ್ಲಿ ಹಿಂದೆ ಎತ್ತಿನ ಮೇಲೆ ಉಪ್ಪು ಹೇರಿಕೊಂಡು ಘಟ್ಟ ಹತ್ತುತ್ತಿದ್ದರು, ಧಾನ್ಯ ಹೇರಿಕೊಂಡು ಇಳಿಯುತ್ತಿದ್ದರು. ಈಗಲೂ ಹಾವೇರಿ, ಧಾರವಾಡ ಸೀಮೆಯ ಕಾಯಿಪಲ್ಲೆ ಇದೇ ದಾರಿಯಲ್ಲಿ ಕರಾವಳಿಯ ಸಂತೆಗೆ ಇಳಿಯುತ್ತದೆ. 2025ರ ಜನವರಿಯಲ್ಲಿ ಸವಣೂರಿನಿಂದ ಕುಮಟಾ ಸಂತೆಗೆ ಹೊರಟ ಲಾರಿ ಇಲ್ಲೇ ಕಂದಕಕ್ಕೆ ಬಿದ್ದು ಹತ್ತು ಜನ ವ್ಯಾಪಾರಿಗಳು ತೀರಿಕೊಂಡರು. ನಮಗೆ ರಜೆಯ ದಾರಿ, ಅವರಿಗೆ ದಿನದ ಅನ್ನದ ದಾರಿ. ಮೋಟಾರು ಹೊಡೆಯುವವರು ಈ ತಿರುವುಗಳಲ್ಲಿ ಸಾವಕಾಶ ಹೋಗಬೇಕು.

ಅಂಕೋಲೆಯಲ್ಲಿ ಸಮುದ್ರದ ಹೆದ್ದಾರಿ ಸಿಗುತ್ತದೆ. ಎಡಕ್ಕೆ ತಿರುಗಿದರೆ ಗೋಕರ್ಣ, ಬಲಕ್ಕೆ ಕಾರವಾರ. ಅವಸರ ಇಲ್ಲದವರು ಇಲ್ಲಿ ಅರ್ಧ ದಿನ ನಿಲ್ಲಬೇಕು. 1930ರ ಏಪ್ರಿಲ್‌ನಲ್ಲಿ ಕರ್ನಾಟಕದ ಉಪ್ಪಿನ ಸತ್ಯಾಗ್ರಹ ನಡೆದದ್ದು ಈ ಊರಿನ ತೀರದಲ್ಲಿ, ಎಂ. ಪಿ. ನಾಡಕರ್ಣಿಯವರ ಮುಂದಾಳ್ತನದಲ್ಲಿ. ಘಟ್ಟದ ಮೇಲಿನ ಕಾರ್ಯಕರ್ತರೂ ಇಳಿದು ಬಂದಿದ್ದರು. ಗಾಂಧೀಜಿ ದಾಂಡಿಯಲ್ಲಿ ಹಿಡಿದ ಉಪ್ಪಿಗೆ ನಮ್ಮ ನಾಡಿನ ಉತ್ತರ ಅಂಕೋಲೆಯ ಉಪ್ಪು. ಈ ತಾಲೂಕಿನ ಹಾಲಕ್ಕಿ ಒಕ್ಕಲಿಗರಲ್ಲಿ ಹುಟ್ಟಿದ ಇಬ್ಬರು ಹೆಣ್ಣುಮಕ್ಕಳು, ಹಾಡುಗಳ ಖಜಾನೆಯಾಗಿದ್ದ ಸುಕ್ರಿ ಬೊಮ್ಮಗೌಡ ಮತ್ತು ಸಾವಿರಾರು ಗಿಡ ಬೆಳೆಸಿದ ತುಳಸಿ ಗೌಡ, ಪದ್ಮಶ್ರೀ ಪಡೆದವರು. ಇಬ್ಬರೂ ಈಚೆಗೆ ತೀರಿಕೊಂಡರು. ಮೇ ತಿಂಗಳಲ್ಲಿ ಬಂದವರು ಕರಿ ಈಶಾಡು ಮಾವಿನ ಹಣ್ಣು ತಿನ್ನದೆ ಹೋಗಬಾರದು. ಅದಕ್ಕೆ 2023ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಸಿಕ್ಕಿದೆ. ನಮ್ಮ ಧಾರವಾಡದ ಆಪೂಸಿನ ಅಭಿಮಾನಿಗಳು ಬೇಕಾದರೆ ಜಗಳಕ್ಕೆ ಬರಲಿ, ಹಣ್ಣು ತಿಂದು ಬರಲಿ.

ಇನ್ನು ಕಾರವಾರ. ಊರ ಎದುರಿಗೆ ಅರ್ಧಚಂದ್ರದ ಹಾಗೆ ಬಾಗಿದ ಉದ್ದನೆಯ ಉಸುಕಿನ ತೀರ. ಒಂದು ತುದಿಗೆ ಬೈತಖೋಲದ ಬಂದರು, ಇನ್ನೊಂದು ತುದಿಗೆ ಕೋಡಿಬಾಗದಲ್ಲಿ ಕಾಳಿ ನದಿಯ ಅಳಿವೆ. ಎದುರಿಗೆ ದ್ವೀಪಗಳು. ದಕ್ಷಿಣದ ಗುಡ್ಡದ ಮೂಗು ಮತ್ತು ಈ ದ್ವೀಪಗಳು ದೊಡ್ಡ ತೆರೆಗಳ ಸೊಕ್ಕನ್ನು ಅಲ್ಲೇ ಮುರಿಯುವುದರಿಂದ ಒಳಗಿನ ನೀರು ಬಹುಮಟ್ಟಿಗೆ ಶಾಂತ. ಹಡಗಿನವರು ಶತಮಾನಗಳಿಂದ ಇಲ್ಲಿಗೆ ಓಡಿಬಂದದ್ದು ಇದಕ್ಕೇ.

ಈ ತೀರಕ್ಕೆ ರವೀಂದ್ರನಾಥ ಟಾಗೋರರ ಹೆಸರಿದೆ. ಅವರ ಅಣ್ಣ ಸತ್ಯೇಂದ್ರನಾಥರು ಐ.ಸಿ.ಎಸ್. ಪಾಸಾದ ಮೊದಲ ಭಾರತೀಯ. ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. 1883ರಲ್ಲಿ ರವೀಂದ್ರರು ಅಣ್ಣನ ಮನೆಗೆ ಬಂದರು. ವಯಸ್ಸು ಇಪ್ಪತ್ತೆರಡು. ‘ಪ್ರಕೃತಿರ್ ಪ್ರತಿಶೋಧ್’ ಎಂಬ ನಾಟಕವನ್ನು ಬರೆದದ್ದು ಇಲ್ಲೇ. ಲೋಕವನ್ನೆಲ್ಲ ಬಿಟ್ಟೆ ಎಂದುಕೊಂಡ ಸನ್ಯಾಸಿಯೊಬ್ಬ ಒಂದು ಅನಾಥ ಹುಡುಗಿಯ ಮಮತೆಯ ಎದುರು ಸೋಲುವ ಕಥೆ ಅದು. ಬೆಳುದಿಂಗಳ ರಾತ್ರಿ ದೋಣಿಯಲ್ಲಿ ಕಾಳಿ ನದಿಯ ಮೇಲೆ ಹೋಗಿ ಬಂದದ್ದನ್ನು ಅವರು ತಮ್ಮ ನೆನಪುಗಳಲ್ಲಿ ಬರೆದುಕೊಂಡಿದ್ದಾರೆ. ಮುಂದೆ ಜಗತ್ತು ಸುತ್ತಿದ ಕವಿ ಅದನ್ನು ಮರೆಯಲಿಲ್ಲ ಎಂಬುದು ಕಾರವಾರಕ್ಕೆ ಸಾಕಾದ ಪ್ರಶಸ್ತಿ.

ತೀರದ ಮೇಲೆಯೇ ‘ಚಪಲ್’ ಎಂಬ ಯುದ್ಧನೌಕೆ ಇದೆ. ಸೋವಿಯತ್ ದೇಶದಲ್ಲಿ ಕಟ್ಟಿದ ಕ್ಷಿಪಣಿ ದೋಣಿ. 1976ರಲ್ಲಿ ನೌಕಾಪಡೆಗೆ ಸೇರಿ 2005ರಲ್ಲಿ ನಿವೃತ್ತಿಯಾಯಿತು. ಒಳಗೆ ಹೋಗಿ ನೋಡಬಹುದು. ಬಯಲುಸೀಮೆಯ ಮಕ್ಕಳಿಗೆ ಹಡಗಿನ ಒಳಗಿನ ಇಕ್ಕಟ್ಟು, ಕಬ್ಬಿಣದ ಏಣಿ, ಮಲಗುವ ಗೂಡು ನೋಡುವುದೇ ದೊಡ್ಡ ಪಾಠ. ಊರ ದಕ್ಷಿಣಕ್ಕೆ ಕದಂಬ ನೌಕಾನೆಲೆ. 1986ರಲ್ಲಿ ಅಡಿಗಲ್ಲು, 2005ರಲ್ಲಿ ಉದ್ಘಾಟನೆ. ಬನವಾಸಿಯ ಕದಂಬರ ಹೆಸರು ಸಮುದ್ರ ಕಾಯುವ ನೆಲೆಗೆ ಬಂದದ್ದು ಸಂತೋಷದ ಮಾತು. ಅದಕ್ಕಾಗಿ ಹೊಲ, ಮನೆ, ದೇವಸ್ಥಾನ, ಮೀನು ಹಿಡಿಯುವ ದಂಡೆ ಬಿಟ್ಟುಕೊಟ್ಟ ಹಳ್ಳಿಗಳ ಜನರಿದ್ದಾರೆ ಎಂಬುದನ್ನೂ ಜೊತೆಯಲ್ಲೇ ನೆನೆಯಬೇಕು.

ಆ ನೆಲೆಯ ಒಳಗೇ ಅಂಜದೀವ್ ದ್ವೀಪ ಸೇರಿಹೋಗಿದೆ. 1498ರಲ್ಲಿ ವಾಸ್ಕೊ ಡ ಗಾಮ ಊರಿಗೆ ಮರಳುವಾಗ ತಂಗಿದ್ದ ದ್ವೀಪ ಅದು. 1505ರಲ್ಲಿ ಪೋರ್ಚುಗೀಜರು ಕೋಟೆ ಕಟ್ಟಿದರು. 1961ರ ಡಿಸೆಂಬರಿನಲ್ಲಿ ಗೋವಾ ಬಿಡುಗಡೆಯ ಕಾಲಕ್ಕೆ ಇದನ್ನು ಹಿಡಿಯುವಾಗ ನಮ್ಮ ನಾವಿಕರು ಪ್ರಾಣ ಕೊಟ್ಟರು. ಈಗ ಅಲ್ಲಿಗೆ ಸಾರ್ವಜನಿಕರು ಹೋಗುವಂತಿಲ್ಲ.

ಹೋಗಬಹುದಾದ್ದು ಸದಾಶಿವಗಡಕ್ಕೆ. ಕಾಳಿಯ ಆಚೆ ದಂಡೆಯ ಗುಡ್ಡ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ಸ್ವಾದಿಯ ಅರಸರು ಕಟ್ಟಿದ ಕೋಟೆ. ಗೋಡೆಗಳು ಅಷ್ಟೇನೂ ಉಳಿದಿಲ್ಲ, ನೋಟ ಉಳಿದಿದೆ. ಮೇಲೆ ನಿಂತರೆ ನದಿ ಎಲ್ಲಿ ಮುಗಿಯಿತು, ಸಮುದ್ರ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯುವುದಕ್ಕೆ ಆಗುವುದಿಲ್ಲ. ಕೆಳಗೆ ಹೆದ್ದಾರಿಯ ಸೇತುವೆ. ಜೋಡಿ ಸೇತುವೆಗಳಲ್ಲಿ ಹಳೆಯದು 2024ರ ಆಗಸ್ಟ್ 7ರ ಮಧ್ಯರಾತ್ರಿ ಕಳೆದ ಮೇಲೆ ಕುಸಿದು ನದಿಗೆ ಬಿತ್ತು.

ಕೋಡಿಬಾಗದ ಕಡೆ ಬಂದರೆ ಅಳಿವೆಯ ಕಾಂಡ್ಲಾ ಕಾಡು. ಉಪ್ಪು ನೀರಿನಲ್ಲಿ ಬೇರು ಊರಿ ನಿಲ್ಲುವ ಗಿಡಗಳು. ಕೆಲವು ಜಾತಿಯವು ಕೆಸರಿನಿಂದ ಮೇಲಕ್ಕೆ ಬೇರು ಎತ್ತಿ ಉಸಿರಾಡುತ್ತವೆ. ಅರಣ್ಯ ಇಲಾಖೆ ಅವುಗಳ ನಡುವೆ ಓಡಾಡಲು ಕಟ್ಟಿಗೆಯ ಹಾದಿ ಮಾಡಿದೆ. ಏಡಿ, ಸಿಗಡಿ, ಮೀನಿನ ಮರಿಗಳಿಗೆ ಇದು ತವರುಮನೆ. ಇದೇ ಕೋಡಿಬಾಗದಲ್ಲಿ ನಮ್ಮ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಇದೆ. ಧಾರವಾಡದ ವಿಶ್ವವಿದ್ಯಾಲಯ ಸಮುದ್ರವನ್ನು ಓದಲು ಸಮುದ್ರದ ದಂಡೆಗೇ ಹೋಗಿ ಕೂತಿದೆ. ಆ ಕಡೆಯವರು ಇತ್ತ ಬಂದದ್ದೂ ಉಂಟು. 1917ರಲ್ಲಿ ಕರ್ನಾಟಕ ಕಾಲೇಜು ಶುರುವಾದ ಮೇಲೆ ಕರಾವಳಿಯ ಎಷ್ಟೋ ಹುಡುಗರು ಟ್ರಂಕು ಹೊತ್ತು ಘಟ್ಟ ಹತ್ತಿದರು. ಗೋಕರ್ಣದ ಜಯಂತ ಕಾಯ್ಕಿಣಿಯವರು ಜೀವರಸಾಯನಶಾಸ್ತ್ರ ಓದಿದ್ದು ಧಾರವಾಡದಲ್ಲೇ.

ಗೋವಾ ಗಡಿಯ ಮಾಜಾಳಿಯಿಂದ ಗುಡ್ಡ ಹತ್ತಿ ಇಳಿದರೆ ತಿಳಮಾತಿ ಎಂಬ ಸಣ್ಣ ತೀರ ಸಿಗುತ್ತದೆ. ಎಳ್ಳು ಚೆಲ್ಲಿದಂಥ ಕಪ್ಪು ಉಸುಕು. ಎರಡೂ ಬದಿಗೆ ಬಂಡೆ. ಅಂಗಡಿ ಇಲ್ಲ, ನೆರಳು ಕಡಿಮೆ. ನೀರು ಹೊತ್ತು ಹೋಗಬೇಕು. ದೇವಬಾಗದ ತೀರದಲ್ಲಿ ಗಾಳಿ ಮರಗಳ ನೆರಳಿದೆ. ಚಳಿಗಾಲದ ರಾತ್ರಿಗಳಲ್ಲಿ ಈ ದಂಡೆಗಳಿಗೆ ಕಡಲಾಮೆಗಳು ಬಂದು ಉಸುಕು ತೋಡಿ ಮೊಟ್ಟೆ ಇಡುತ್ತವೆ. ಅರಣ್ಯ ಇಲಾಖೆಯವರು ಮೊಟ್ಟೆಗಳಿಗೆ ಬೇಲಿ ಕಟ್ಟಿ, ಮರಿಗಳನ್ನು ಸಮುದ್ರಕ್ಕೆ ಬಿಡುತ್ತಾರೆ. ಬ್ಯಾಟರಿ ಬೆಳಕು ಬಿಟ್ಟರೆ ಆಮೆ ಹೆದರಿ ಮೊಟ್ಟೆ ಇಡದೆ ತಿರುಗಿಹೋಗುತ್ತದೆ. ಆದ್ದರಿಂದ ರಾತ್ರಿ ದಂಡೆಯ ಮೇಲೆ ಬೆಂಕಿ, ಹಾಡು, ಗದ್ದಲ ಬೇಡ.

ಈಗ ಕಡಲಿನ ಗುಣದ ಮಾತು. ಇದನ್ನು ತಾಯಂದಿರು ಸ್ವಲ್ಪ ಗಮನ ಕೊಟ್ಟು ಕೇಳಬೇಕು.

ಮೆಡಿಟರೇನಿಯನ್ ಸಮುದ್ರ ಸುತ್ತಲೂ ನೆಲ ಇರುವ ಸಮುದ್ರ. ಅಲ್ಲಿ ಬಹುತೇಕ ಕಡೆ ಉಬ್ಬರ ಇಳಿತ ಒಂದು ಅಡಿಯಷ್ಟೂ ಇರುವುದಿಲ್ಲ. ಬೆಳಿಗ್ಗೆ ಹಾಸಿದ ಚಾಪೆ ಸಂಜೆಯೂ ಅಲ್ಲೇ ಇರುತ್ತದೆ. ಜೂನ್, ಜುಲೈ, ಆಗಸ್ಟ್ ಅವರ ಸುಗ್ಗಿ. ನಮ್ಮದು ತೆರೆದ ಸಮುದ್ರ. ಕಾರವಾರದಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ಹೊತ್ತಿಗೆ ಉಬ್ಬರಕ್ಕೂ ಇಳಿತಕ್ಕೂ ಎರಡು ಮೀಟರಿನಷ್ಟು ಅಂತರ. ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ, ಮರುದಿನ ಮುಕ್ಕಾಲು ತಾಸು ಮೀರಿ ತಡವಾಗುತ್ತದೆ. ಇಳಿತದಲ್ಲಿ ನಡೆದು ಹೋದ ಬಂಡೆಗೆ ಉಬ್ಬರದಲ್ಲಿ ನಡೆದು ವಾಪಸ್ ಬರಲಾಗುವುದಿಲ್ಲ. ಜೂನ್ ಬಂತೆಂದರೆ ಅವರ ಸಮುದ್ರ ಬಾಗಿಲು ತೆರೆಯುತ್ತದೆ, ನಮ್ಮದು ಮುಚ್ಚುತ್ತದೆ. ಕಾರವಾರದಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರು ಮೀರಿ ಮಳೆ ಬೀಳುತ್ತದೆ; ಧಾರವಾಡದ ಮಳೆಯ ಮೂರು ಪಟ್ಟಿಗೂ ಹೆಚ್ಚು. 2024ರ ಜುಲೈ 16ರಂದು ಅಂಕೋಲೆಯ ಬಳಿಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಜರಿದು, ಅಂಗಡಿಯನ್ನೂ ಲಾರಿಯನ್ನೂ ಗಂಗಾವಳಿಗೆ ತಳ್ಳಿದ್ದು ಇಂಥ ಮಳೆಯಲ್ಲೇ. ರಸ್ತೆಗಾಗಿ ಕಡಿದ ಗುಡ್ಡ ನೀರು ಕುಡಿದಾಗ ನಿಲ್ಲುವುದಿಲ್ಲ. ಅಕ್ಟೋಬರಿನಿಂದ ಫೆಬ್ರುವರಿ ಕೊನೆಯವರೆಗೆ ಹೋಗಿ, ಸಾಕು.

ನೀರಿಗೆ ಇಳಿಯುವಾಗ ನಮ್ಮ ಕಡೆಯವರು ಮಾಡುವುದೇನು ಅಂದರೆ, ತೆರೆ ಇಲ್ಲದ ಜಾಗ ಹುಡುಕುತ್ತಾರೆ. ಎರಡೂ ಬದಿ ಬಿಳಿ ನೊರೆ ಒಡೆಯುತ್ತಿದ್ದು, ನಡುವೆ ನೀರು ಸುಮ್ಮನಿದ್ದರೆ ಅದು ಸುರಕ್ಷಿತ ಅನಿಸುತ್ತದೆ. ಎಷ್ಟೋ ಸಲ ಅಪಾಯ ಅಲ್ಲೇ. ದಂಡೆಗೆ ಬಂದ ನೀರು ವಾಪಸ್ ಒಳಗೆ ಹೋಗುವ ಓಣಿ ಅದು. ಕೆರೆಯಲ್ಲಿ, ಹೊಂಡದಲ್ಲಿ ಈಜು ಕಲಿತ ಗಟ್ಟಿ ಆಳನ್ನೂ ಎಳೆದೊಯ್ಯುತ್ತದೆ. ಸೆಳೆತಕ್ಕೆ ಸಿಕ್ಕರೆ ದಂಡೆಯ ಕಡೆ ನೇರವಾಗಿ ಈಜಿ ದಣಿಯಬಾರದು. ದಂಡೆಗೆ ಸಮಾಂತರವಾಗಿ ಪಕ್ಕಕ್ಕೆ ಸರಿದು ಸೆಳೆತದಿಂದ ಹೊರಬಿದ್ದು, ಆಮೇಲೆ ದಂಡೆಗೆ ತಿರುಗಬೇಕು. ಮೊಣಕಾಲಿನ ನೀರು ಸಾಕು ಎಂದು ತೀರ್ಮಾನಿಸಿದರೆ ಇನ್ನೂ ಒಳ್ಳೆಯದು. ದೋಣಿಯ ವಿಷಯದಲ್ಲೂ ಹೀಗೆಯೇ. ಕೂರ್ಮಗಡ ದ್ವೀಪದಲ್ಲಿ ಜನವರಿಯಲ್ಲಿ ನರಸಿಂಹನ ಜಾತ್ರೆ ಆಗುತ್ತದೆ. 2019ರ ಜಾತ್ರೆಯಿಂದ ಮರಳುವಾಗ ದೋಣಿ ಮಗುಚಿ ಹದಿನಾರು ಜನ ಹೋದರು. ಅವರಲ್ಲಿ ಹಾವೇರಿ ಜಿಲ್ಲೆಯವರೂ ಇದ್ದರು. ಜೀವರಕ್ಷಕ ಅಂಗಿ ಇಲ್ಲದ ದೋಣಿ, ಅಳತೆ ಮೀರಿ ಜನ ತುಂಬಿದ ದೋಣಿ, ಇವೆರಡಕ್ಕೂ ಕೈ ಮುಗಿದು ಹಿಂದೆ ಸರಿಯಿರಿ. ದೇವರು ಮುಂದಿನ ದೋಣಿಗೆ ಕಾಯುತ್ತಾನೆ.

ಊಟದ ಮಾತು ಬಿಟ್ಟರೆ ಪ್ರವಾಸದ ಮಾತು ಪೂರ್ತಿಯಾಗದು. ಕಾರವಾರದ ಸಣ್ಣ ಖಾನಾವಳಿಗಳಲ್ಲಿ ಕುಚ್ಚಲಕ್ಕಿ ಅನ್ನ, ಬಂಗಡೆಯ ಸಾರು, ರವೆ ಹಚ್ಚಿ ಹುರಿದ ಇಸವಾಣ, ಕಾಳಿಯ ಅಳಿವೆಯಲ್ಲಿ ಹೆಕ್ಕಿದ ತಿಸ್ರೆಯ ಸುಕ್ಕೆ, ಕೊನೆಗೆ ಸೋಲಕಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಮೀನು ಮೊಟ್ಟೆ ಇಡುವ ಕಾಲ ಅದು. ಮೀನು ತಿನ್ನದವರಿಗೂ ಕೊರತೆ ಇಲ್ಲ: ಮುರುಗಲಿನ ಸಾರು, ಬಾಳೆಕಾಯಿ ಪಲ್ಯ, ತೆಂಗಿನಕಾಯಿ ಹಾಲಿನ ಪಾಯಸ. ರೊಟ್ಟಿ ಬುತ್ತಿ ಕಟ್ಟಿಕೊಂಡು ಹೋಗುವುದು ನಮ್ಮ ಸಂಪ್ರದಾಯ, ಅದನ್ನು ಬಿಡಿ ಅನ್ನಲಾರೆ. ಯಲ್ಲಾಪುರದವರೆಗೆ ಬುತ್ತಿ ಮುಗಿಸಿಬಿಡಿ. ಆಮೇಲೆ ಅವರ ಊಟ ಮಾಡಿ.

ಒಂದು ಬೆಳಿಗ್ಗೆ ಬೇಗ ಎದ್ದು ದಂಡೆಗೆ ಬನ್ನಿ. ಕೆಲವು ಕಡೆ ಈಗಲೂ ಏಂಡಿ ಬಲೆ ಎಳೆಯುತ್ತಾರೆ. ಹಿಂದೆ ರಾಂಪಣಿ ಎಂಬ ಭಾರಿ ಬಲೆ ಇತ್ತು. ಊರಿಗೆ ಊರೇ ಕೂಡಿ ಹಗ್ಗ ಹಿಡಿದು ಎಳೆದು, ಬಂದ ಮೀನನ್ನು ಪಾಲು ಹಂಚಿಕೊಳ್ಳುತ್ತಿದ್ದರು. ಹಗ್ಗ ಹಿಡಿದ ವಿಧವೆಗೂ ಮುದುಕನಿಗೂ ಪಾಲಿತ್ತು. 1970ರ ದಶಕದ ಕೊನೆಗೆ ಯಾಂತ್ರಿಕ ದೋಣಿಗಳು ಪರ್ಸೀನ್ ಬಲೆ ಹಾಕಿ, ಬಂಗಡೆಯ ಹಿಂಡನ್ನು ದಂಡೆ ಮುಟ್ಟುವ ಮೊದಲೇ ಸುತ್ತುಗಟ್ಟತೊಡಗಿದ ಮೇಲೆ ರಾಂಪಣಿ ಸೋತಿತು. ಮೀನುಗಾರರಿಗೆ ಈ ಉಸುಕು ಬಲೆ ಒಣಗಿಸುವ, ದೋಣಿ ಎಳೆದಿಡುವ, ಮೀನು ಹರಡುವ ಜಾಗ. ಬಂದರು ವಿಸ್ತರಣೆಗೆ ಟಾಗೋರ್ ತೀರದ ಪಕ್ಕ ಕೆಲಸ ಶುರುವಾದಾಗ, 2020ರ ಜನವರಿಯಲ್ಲಿ, ಹೆಂಗಸರು ಗಂಡಸರೆನ್ನದೆ ಅವರು ಬೀದಿಗಿಳಿದದ್ದು ಇದೇ ಉಸುಕಿಗಾಗಿ. ನಾವು ಫೋಟೋ ತೆಗೆಸಿಕೊಳ್ಳಲು ಹತ್ತುವ ದೋಣಿ ಒಬ್ಬರ ದುಡಿಮೆಯ ನೇಗಿಲು. ಕೇಳದೆ ಯಾರ ಹೊಲಕ್ಕೂ ಚಪ್ಪಲಿ ಕಾಲಲ್ಲಿ ಇಳಿಯದ ಜನ ನಾವು, ಕೇಳದೆ ದೋಣಿಯನ್ನೂ ಹತ್ತಬಾರದು.

ಹಾಗಾದರೆ ಎಷ್ಟು ದಿನ ಬೇಕು ಎಂದು ಕೇಳುತ್ತೀರಿ. ಎರಡು ರಾತ್ರಿ ಇಟ್ಟುಕೊಳ್ಳಿ. ಮೊದಲ ದಿನ ಮಾಗೋಡು, ಅಂಕೋಲಾ, ಸಂಜೆಗೆ ಕಾರವಾರ. ಎರಡನೆಯ ದಿನ ಬೆಳಿಗ್ಗೆ ಮೀನಿನ ದಂಡೆ ಮತ್ತು ಮೀನು ಮಾರುಕಟ್ಟೆ, ಬಿಸಿಲೇರುವ ಮೊದಲು ಸದಾಶಿವಗಡ, ಮಧ್ಯಾಹ್ನ ಯುದ್ಧನೌಕೆ, ಸಂಜೆ ಕಾಂಡ್ಲಾ ಕಾಡು. ಮೂರನೆಯ ದಿನ ಮಾಜಾಳಿ, ತಿಳಮಾತಿ ನೋಡಿ ಹೊರಡಿ. ಗೋಕರ್ಣ, ಯಾಣ, ಮುರ್ಡೇಶ್ವರಗಳನ್ನು ಅದೇ ಮೂರು ದಿನದಲ್ಲಿ ತುರುಕಬೇಡಿ. ಅವು ಎಲ್ಲಿಗೂ ಓಡಿಹೋಗುವುದಿಲ್ಲ.

ನಂಟು ಅಂದಮೇಲೆ ಕೊಡುವುದೂ ಇದೆ, ತರುವುದೂ ಇದೆ. ನಮ್ಮ ಹಿರೀಕರು ಕಾರವಾರಕ್ಕೆ ಬಟ್ಟೆ ಕೊಟ್ಟರು, ಹತ್ತಿ ಕೊಟ್ಟರು; ಕರಾವಳಿ ನಮಗೆ ಉಪ್ಪು ಕೊಟ್ಟಿತು, ಮೀನು ಕೊಟ್ಟಿತು, ಓದುವ ಹುಡುಗರನ್ನು ಕೊಟ್ಟಿತು. ಈಗ ನಾವು ಅಲ್ಲಿ ಬಿಟ್ಟು ಬರುತ್ತಿರುವುದು ಏನು ಎಂದು ಸೋಮವಾರ ಬೆಳಿಗ್ಗೆ ಟಾಗೋರ್ ತೀರ ಗುಡಿಸುವವರನ್ನು ಕೇಳಿದರೆ ಹೇಳಿಯಾರು: ಬಾಟಲಿ, ಕುರಕುರೆ ಚೀಟಿ, ಒಂಟಿ ಚಪ್ಪಲಿ. ಇದರಲ್ಲಿ ಸ್ವಲ್ಪ ಪಾಲು ಶಾಲ್ಮಲೆಯ ದಂಡೆಯಿಂದಲೂ ಹೊರಟೀತು. ಧಾರವಾಡದ ಹಳ್ಳಕ್ಕೆ ಎಸೆದದ್ದಕ್ಕೂ ಕೊನೆಯ ನಿಲ್ದಾಣ ಸಮುದ್ರವೇ. ಈ ಲೆಕ್ಕ ಚುಕ್ತಾ ಮಾಡುವುದು ಕಷ್ಟವಲ್ಲ. ಹೋಗುವಾಗ ಒಂದು ಖಾಲಿ ಚೀಲ ಹೆಚ್ಚಿಗೆ ಇಟ್ಟುಕೊಳ್ಳಿ, ನಿಮ್ಮ ಕಸ ನೀವೇ ತುಂಬಿ ತನ್ನಿ. ರಾತ್ರಿ ಉಳಿಯುವುದು, ಉಣ್ಣುವುದು ಊರಿನವರ ಕೈಯಲ್ಲಿ ಮಾಡಿ, ಮೀನು ಮಾರುವ ಅಕ್ಕನ ಹತ್ತಿರ ಹತ್ತು ರೂಪಾಯಿಗೆ ಹಗ್ಗಜಗ್ಗಾಟ ಬೇಡ. ಮಕ್ಕಳು ಸಮುದ್ರ ಎಷ್ಟು ದೊಡ್ಡದು ಅಂತ ಕೇಳಿದರೆ ಉತ್ತರ ಹೇಳುವ ಗೋಜಿಗೆ ಹೋಗದೆ, ಅದಕ್ಕೆ ನಮ್ಮ ಊರಿನಿಂದ ನೀರು ಹೋಗುತ್ತದೆ ಎಂಬುದನ್ನು ಮೊದಲು ಹೇಳಿ. ಮುಂದಿನ ಪ್ರಶ್ನೆಗಳನ್ನು ಅವರೇ ಕೇಳುತ್ತಾರೆ.